ಗೋಧಿಯೊಳಗಿನ ಹಣಜಿ: ಗಣಕಜಾಲದಲ್ಲಿ ಅಡಗಿದ ವೈರಿಯ ವಿಷಯವಾದ ಪಾಠ

ಕರ್ತನು ಹೇಳಿದ ಗೋಧಿ ಹಣಜಿಗಳ ಸಾಮ್ಯವನ್ನು ನಮ್ಮ ಹುಡುಗಿಯರೆಲ್ಲರೂ ಬಲ್ಲರು. ಜನರು ಮಲಗಿರುವಾಗ ವೈರಿಯು ಕಳೆಯನ್ನು ಬಿತ್ತಿಹೋಗುವನು. ತೆನೆ ಹೊರಡುವ ತನಕ ಅದು ಯಾರಿಗೂ ಗೊತ್ತಾಗುವದಿಲ್ಲ. ಕಂಪ್ಲಿಯ ಗದ್ದೆಗಳಲ್ಲಿಯೂ ಭತ್ತದ ಪೈರನ್ನೇ ಹೋಲುವ ಹುಲ್ಲನ್ನು ರೈತರ ಮಕ್ಕಳು ಕಂಡಿರುವರು. ಈ ಕಾಲದ ಕಚೇರಿಗಳ ಗಣಕಜಾಲಗಳಿಗೂ ಇಂಥ ವೈರಿಯುಂಟು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಹೊಸಪೇಟೆಯ ಬ್ಯಾಂಕುಗಳಲ್ಲಿಯೂ ಸಂಡೂರಿನ ಗಣಿ ಕಚೇರಿಗಳಲ್ಲಿಯೂ ಕೆಲಸದಲ್ಲಿರುವದರಿಂದ, ಈ ವಿಷಯವನ್ನು ಇಲ್ಲಿ ವಿಚಾರಿಸುವೆವು.

ಹಂಪೆಯ ಕೋಟೆಬಾಗಿಲುಗಳನ್ನು ನೋಡಿದವರಿಗೆ ಕಾವಲೆಂದರೆ ಬಾಗಿಲ ಕಾವಲೆಂದೇ ತೋಚುವದು. ಆದರೆ ಈ ಕಳ್ಳನು ಗೋಡೆಯನ್ನು ಒಡೆಯುವದಿಲ್ಲ. ಮೇಲಧಿಕಾರಿಯ ಹೆಸರಿನಲ್ಲಿ ಸುಳ್ಳು ಇಮೇಲ್ ಕಳುಹಿಸಿ, ನೌಕರನಿಂದಲೇ ಪಾಸ್‌ವರ್ಡನ್ನು ಪಡೆದು, ನೌಕರನ ವೇಷದಲ್ಲಿಯೇ ಒಳಗೆ ಬರುವನು. ಬಂದ ಮೇಲೆ ಗದ್ದಲಮಾಡದೆ ತಿಂಗಳುಗಟ್ಟಲೆ ಅಡಗಿದ್ದು, ಒಂದು ಯಂತ್ರದಿಂದ ಮತ್ತೊಂದಕ್ಕೆ ದಾಟಿ, ದಾಖಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಸಾಗಿಸುವನು. ಹಳೆಯ ಕಳ್ಳರ ಗುರುತುಗಳನ್ನು ಮಾತ್ರ ಬಲ್ಲ ಸಾಧನವು ಇವನನ್ನು ಹಿಡಿಯಲಾರದು.

ಹಾಗಾದರೆ ಇವನನ್ನು ಗುರುತಿಸುವದು ಹೇಗೆ? ನಡತೆಯಿಂದಲೇ. ೨೦೧೯ನೆಯ ಏಪ್ರಿಲಿನಲ್ಲಿ ಬೆಂಗಳೂರಿನ ವಿಪ್ರೊ ಸಂಸ್ಥೆಯು, ಸುಳ್ಳು ಪತ್ರಗಳ ದೆಸೆಯಿಂದ ತನ್ನ ಕೆಲವು ನೌಕರರ ಖಾತೆಗಳಲ್ಲಿ ವಾಡಿಕೆಗೆ ಮೀರಿದ ಚಟುವಟಿಕೆ ಕಂಡುಬಂದಿತೆಂದು ತಿಳಿಸಿತು. ಅಮೆರಿಕದ ಫೈರ್‌ಐ ಸಂಸ್ಥೆಗೆ ಇತರರ ಜಾಲಗಳನ್ನು ಕಾಯುವದೇ ವೃತ್ತಿಯಾಗಿತ್ತು. ೨೦೨೦ರಲ್ಲಿ ಅದರ ನೌಕರರೊಬ್ಬರ ಹೆಸರಿನಲ್ಲಿ ಎರಡನೆಯ ಫೋನು ದಾಖಲಾದದ್ದನ್ನು ಕಂಡು, ಅದು ಅವರದೋ ಎಂದು ವಿಚಾರಿಸಲಾಯಿತು. ಅಲ್ಲವೆಂದು ಉತ್ತರ ಬಂದಿತು. ಆ ಜಾಡನ್ನು ಹಿಡಿದು ಹೋದಾಗ, ಸೋಲಾರ್‌ವಿಂಡ್ಸ್ ಕಂಪೆನಿಯ ತಂತ್ರಾಂಶದಲ್ಲಿ ಅಡಗಿ, ಸುಮಾರು ೧೮,೦೦೦ ಗ್ರಾಹಕರ ತನಕ ಹೋಗಿದ್ದ ವಂಚನೆಯು ಆ ಡಿಸೆಂಬರಿನಲ್ಲಿ ಬಯಲಾಯಿತು. ಒಂದು ಚಿಕ್ಕ ಪ್ರಶ್ನೆಯಿಂದ ಎಷ್ಟು ದೊಡ್ಡ ಪ್ರಯೋಜನ!

ಹಾಜರಿ ಪುಸ್ತಕವನ್ನು ದಿನಾಲು ಬರೆಯುವ ಉಪಾಧ್ಯಾಯಿನಿಯು ತರಗತಿಯ ವಾಡಿಕೆಯನ್ನು ಬಲ್ಲವಳಾಗಿ, ವ್ಯತ್ಯಾಸವನ್ನು ಕೂಡಲೆ ಕಾಣುವಳು. ಜಾಲದ ಕಾವಲೂ ಹಾಗೆಯೇ. ಯಾರು, ಯಾವ ಹೊತ್ತಿನಲ್ಲಿ, ಯಾವ ಯಂತ್ರದಿಂದ ಒಳಗೆ ಬಂದರು, ಎಷ್ಟು ಮಾಹಿತಿಯು ಎಲ್ಲಿಗೆ ಹೋಯಿತು ಎಂಬದೆಲ್ಲಾ ದಾಖಲೆಯಲ್ಲಿರಬೇಕು. ಹಗಲು ಕೆಲಸಮಾಡುವ ಗುಮಾಸ್ತೆಯ ಖಾತೆಯು ನಡುರಾತ್ರಿಯಲ್ಲಿ ತೆರೆದರೆ ಕಾರಣವನ್ನು ಕೇಳಬೇಕು. ಭಾರತ ಸರಕಾರದ ಸಿಇಆರ್‌ಟಿ-ಇನ್ ಸಂಸ್ಥೆಯು ೨೦೨೨ನೆಯ ಏಪ್ರಿಲಿನಲ್ಲಿ ಕೊಟ್ಟ ನಿರ್ದೇಶದಂತೆ, ಇಂಥ ದಾಖಲೆಗಳನ್ನು ೧೮೦ ದಿವಸ ಇಟ್ಟುಕೊಳ್ಳಬೇಕು. ಆಕ್ರಮಣವು ತಿಳಿದುಬಂದ ೬ ತಾಸಿನೊಳಗೆ ವರದಿಮಾಡಬೇಕು.

ಕೊನೆಗೆ ನಮ್ಮದೇ ತಪ್ಪನ್ನು ಹೇಳುವೆವು. ಒಮ್ಮೆ ನಮ್ಮ ಕಚೇರಿಯಲ್ಲಿ ಸುಳ್ಳು ಪತ್ರವನ್ನು ತೆರೆದವರು ನಮ್ಮ ಗದರಿಕೆಗೆ ಅಂಜಿ ಎರಡು ದಿವಸ ಸುಮ್ಮನಿದ್ದರು. ಆ ಎರಡು ದಿವಸಗಳನ್ನು ವೈರಿಗೆ ಕೊಟ್ಟವರು ಅವರಲ್ಲ, ನಾವೇ. ಅಂದಿನಿಂದ, ಮೋಸಹೋದೆನೆಂದು ಕೂಡಲೆ ಬಂದು ಹೇಳುವವರನ್ನು ಗದರಿಸದೆ ವಂದಿಸುತ್ತೇವೆ. ಪ್ರಿಯ ವಿದ್ಯಾರ್ಥಿನಿಯರೇ, ನೀವು ಯಾವ ಕಚೇರಿಗೆ ಹೋದರೂ ಎಚ್ಚರವಾಗಿರ್ರಿ, ಎಡವಿದರೆ ಮುಚ್ಚಿಡಬೇಡಿರಿ. ನಾಳೆ ನೀವು ಮೇಲಧಿಕಾರಿಗಳಾದಾಗ, ನಿಜವನ್ನು ಹೇಳುವದಕ್ಕೆ ನಿಮ್ಮ ಕೈಕೆಳಗಿನವರು ಹೆದರದಂತೆ ನಡಕೊಳ್ಳಿರಿ.