ಕ್ಲೆರಿಕ್ ಆಡುವವರಿಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ 1974ರ ಮೊದಲ ಆವೃತ್ತಿಯಿಂದಲೂ ಕ್ಲೆರಿಕ್ ಇದ್ದಾನೆ. ಆದರೂ ಆ ಪಾತ್ರ ವಹಿಸಿಕೊಂಡವರನ್ನು ಉಳಿದವರು ಗಾಯ ಮಾಯಿಸುವ ಕೆಲಸಕ್ಕಷ್ಟೇ ಕೂರಿಸಿಬಿಡುತ್ತಾರೆ. ಒಪ್ಪಿಕೊಳ್ಳಬೇಡಿ. 2014ರ ನಿಯಮಗಳನ್ನೇ ನೋಡಿ: ಕಾಳಗ ಶುರುವಾದ ಕೂಡಲೇ ‘ಬ್ಲೆಸ್’ ಮಂತ್ರ ಹಾಕಿದರೆ, ಮೂವರು ಜೊತೆಗಾರರ ಪ್ರತಿ ದಾಳಿಗೂ ನಾಲ್ಕು ಮುಖದ ದಾಳದ ಅಂಕ ಸೇರುತ್ತದೆ. ಶತ್ರು ಬೇಗ ಬಿದ್ದರೆ ಗಾಯವೇ ಕಡಿಮೆ. ‘ಹೀಲಿಂಗ್ ವರ್ಡ್’ ಮಂತ್ರವನ್ನು ಮಾತ್ರ ಉಳಿಸಿಕೊಂಡಿರಿ. ಗೆಳೆಯನ ಪ್ರಾಣದ ಅಂಕ ಸೊನ್ನೆಗಿಳಿದು ನೆಲಕ್ಕೊರಗಿದಾಗ 60 ಅಡಿ ದೂರದಿಂದಲೇ ಎಬ್ಬಿಸಬಹುದು, ಅದೂ ಬೋನಸ್ ಆಕ್ಷನ್‌ನಲ್ಲಿ. ಅದೇ ಸರದಿಯಲ್ಲಿ ಕೈಲಿರುವ ಗದೆಯನ್ನೂ ಬೀಸಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು: ನಿಮ್ಮ ಕ್ಲೆರಿಕ್ ನಂಬಿದ ದೇವರು ಏನನ್ನು ಸಹಿಸುವುದಿಲ್ಲ ಅಂತ ಮೊದಲೇ ಡಂಜನ್ ಮಾಸ್ಟರ್ ಜೊತೆ ಮಾತಾಡಿಕೊಳ್ಳಿ. ಸೆರೆಸಿಕ್ಕವನನ್ನು ಕೊಲ್ಲಲು ತಂಡ ಹೊರಟಾಗ ಅಡ್ಡ ನಿಲ್ಲಲು ನಿಮಗೊಂದು ಕಾರಣವಿರುತ್ತದೆ.