ಇಪ್ಪತ್ತೆಂಟು ಭುಜಗಳ ಊರು



ರಾಜ್ಯಶಾಸ್ತ್ರದ ಎಂ.ಎ. ಓದನ್ನು ಅರ್ಧಕ್ಕೇ ಬಿಟ್ಟು ನಾಗರಿಕ ಹಕ್ಕುಗಳ ಹೋರಾಟಕ್ಕೆ ಧುಮುಕಬೇಕೆಂಬ ನಿನ್ನ ಸಂಕಲ್ಪವನ್ನು ಕೇಳಿ, ಅದರ ಹಿಂದಿರುವ ಸಂಕಟವನ್ನು ಲಘುವಾಗಿ ಎಣಿಸದೆ, ಆದರೆ ತರಗತಿಗೂ ಬೀದಿಗೂ ಸಂಬಂಧವಿಲ್ಲವೆಂಬ ನಿನ್ನ ಮಾತನ್ನು ಒಪ್ಪಲೂ ಆರದೆ ಈ ಪತ್ರವನ್ನು ಬರೆಯುತ್ತಿದ್ದೇನೆ. ನಿನ್ನಂತೆಯೇ ಕುದಿಯುತ್ತಿರುವ ಇತರರ ಕಣ್ಣಿಗೂ ಬೀಳಲೆಂದು ಇದನ್ನು ಪತ್ರಿಕೆಗೇ ಕೊಡುತ್ತಿದ್ದೇನೆ. ನಾನು ಹೇಳಹೊರಟಿರುವುದು ಚಾರ್ಲ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ಕಪ್ಪು ಜನಾಂಗದ ಪ್ರಾಧ್ಯಾಪಕರ ವಿಷಯ.

1929ರಲ್ಲಿ ಓಕ್ಲಹೋಮಾದಲ್ಲಿ ಜನಿಸಿ, ಷಿಕಾಗೋ ನಗರದಲ್ಲಿ ಬೆಳೆದು, ನ್ಯಾಯಶಾಸ್ತ್ರವನ್ನೂ ರಾಜ್ಯಶಾಸ್ತ್ರವನ್ನೂ ಅಭ್ಯಸಿಸಿದ ಇವರು 1958ರಲ್ಲಿ ಅಲಬಾಮಾ ರಾಜ್ಯದ ಟಸ್ಕೀಗೀ ವಿದ್ಯಾಸಂಸ್ಥೆಗೆ ಅಧ್ಯಾಪಕರಾಗಿ ಬಂದರು. ಅದಕ್ಕೆ ಹಿಂದಿನ ವರ್ಷವೇ ಆ ಊರಿನ ಮೇಲೊಂದು ಅನ್ಯಾಯ ಎರಗಿತ್ತು. ಚೌಕಾಕಾರವಾಗಿದ್ದ ಪಟ್ಟಣದ ಎಲ್ಲೆಯನ್ನು ರಾಜ್ಯದ ಶಾಸನಸಭೆಯು ಹೊಸದೊಂದು ಕಾಯಿದೆಯ ಮೂಲಕ ಅಲ್ಲಲ್ಲಿ ಕತ್ತರಿಸಿ, 28 ಭುಜಗಳುಳ್ಳ ವಿಕಾರಾಕೃತಿಯೊಂದನ್ನಾಗಿ ಮಾಡಿಬಿಟ್ಟಿತು. ಅದರ ಫಲವಾಗಿ ಊರೊಳಗಿದ್ದ ಸುಮಾರು 400 ಮಂದಿ ಕಪ್ಪು ಮತದಾರರಲ್ಲಿ ನಾಲ್ಕೈದು ಜನರ ಹೊರತು ಮಿಕ್ಕವರೆಲ್ಲರೂ, ತಾವಿದ್ದ ಮನೆಯಿಂದ ಒಂದು ಹೆಜ್ಜೆಯನ್ನೂ ಕದಲದೆ, ಬೆಳಗಾಗುವುದರೊಳಗೆ ಊರಿಗೆ ಹೊರಗಿನವರಾದರು. ಬಿಳಿಯ ಮತದಾರನೊಬ್ಬನೂ ಹೊರಗೆ ಬೀಳಲಿಲ್ಲ. ಕಾಯಿದೆಯ ಒಕ್ಕಣೆಯಲ್ಲಿ ಎಲ್ಲಿಯೂ ಬಣ್ಣದ ಪ್ರಸ್ತಾಪವಿರಲಿಲ್ಲ. ಇದ್ದುದು ದಿಕ್ಕು ಮತ್ತು ಅಳತೆಗಳು ಮಾತ್ರ. ಈ ಅಂಶವನ್ನು ನೀನು ಚೆನ್ನಾಗಿ ಮನನ ಮಾಡಬೇಕೆಂಬುದು ನನ್ನ ಅಪೇಕ್ಷೆ.

ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕಚೇರಿಯ ವ್ಯವಹಾರವಂತೂ ಇದಕ್ಕಿಂತ ಸೂಕ್ಷ್ಮವಾಗಿತ್ತು. ಕಪ್ಪು ಜನರಿಗೆ ಬೇರೆ ಕೊಠಡಿ. ಒಂದು ಸಲಕ್ಕೆ ಇಬ್ಬರಿಗೆ ಮಾತ್ರ ಪ್ರವೇಶ. ಸಂವಿಧಾನದ ಉದ್ದುದ್ದನೆಯ ಭಾಗಗಳನ್ನು ಕೈಯಲ್ಲಿ ನಕಲು ಮಾಡಿಕೊಡಬೇಕೆಂಬ ಕಟ್ಟಳೆ. ಅಷ್ಟೂ ಆದ ಮೇಲೆ, ಆಗಲೇ ಪಟ್ಟಿಯಲ್ಲಿರುವ ಮತದಾರನೊಬ್ಬನು ಬಂದು ಇವರ ಪರವಾಗಿ ಸಾಕ್ಷಿ ನುಡಿಯಬೇಕು. ಕೆಲವು ಕಾಲ ಮತದಾರರ ನೋಂದಣಿ ಮಂಡಲಿಯ ಸದಸ್ಯರೇ ರಾಜೀನಾಮೆಯಿತ್ತು ಹೊರಟುಹೋಗಿ, ಅರ್ಜಿಯನ್ನು ತೆಗೆದುಕೊಳ್ಳುವವರೇ ಇಲ್ಲದಂತಾಗುತ್ತಿತ್ತು. ಗುಂಡು ಹಾರಿಸದೆ, ಬಾಯಲ್ಲಿ ಒಂದು ಬೈಗುಳವನ್ನೂ ಆಡದೆ, ಒಂದು ಮೇಜು, ಒಂದು ಲೇಖನಿ, ಕೆಲವು ನಮೂನೆಯ ಕಾಗದಗಳು ಇಷ್ಟರಿಂದಲೇ ಒಂದು ಜನಸಮುದಾಯದ ಪೌರತ್ವವನ್ನು ಹೇಗೆ ಅಪಹರಿಸಬಹುದೆಂಬುದನ್ನು ಹ್ಯಾಮಿಲ್ಟನ್ನರು ಅಲ್ಲಿ ಕಣ್ಣಾರೆ ಕಂಡರು.

ಅದೇ ಸಂಸ್ಥೆಯಲ್ಲಿ ಸಮಾಜಶಾಸ್ತ್ರವನ್ನು ಬೋಧಿಸುತ್ತಿದ್ದ ಚಾರ್ಲ್ಸ್ ಗೋಮಿಲಿಯನ್ ಎಂಬ ಹಿರಿಯರು ಊರಿನ ನಾಗರಿಕ ಸಂಘದ ಮುಂದಾಳಾಗಿ, ಎಷ್ಟು ಅರ್ಜಿ ಹೋಯಿತು, ಎಷ್ಟು ತಿರಸ್ಕೃತವಾಯಿತು, ಕಚೇರಿ ಯಾವ ದಿನ ಮುಚ್ಚಿತ್ತು ಎಂಬ ಲೆಕ್ಕವನ್ನು ವರ್ಷಾನುಗಟ್ಟಲೆ ಇಡಿಸುತ್ತ ಬಂದಿದ್ದರು. ಊರಿನ ಕಪ್ಪು ಜನ ಬಿಳಿಯರ ಅಂಗಡಿಗಳಲ್ಲಿ ವ್ಯಾಪಾರವನ್ನೇ ನಿಲ್ಲಿಸಿದ್ದರು. ತರುಣ ಹ್ಯಾಮಿಲ್ಟನ್ನರು ಆ ಸಂಘದೊಳಗೆ ಸೇರಿ ದುಡಿದರು. ಅವರ ಈ ಚಟುವಟಿಕೆ ವಿದ್ಯಾಸಂಸ್ಥೆಯ ಆಡಳಿತದವರಿಗೆ ಹಿಡಿಸಲಿಲ್ಲ. 1960ರಲ್ಲಿ ಅವರ ನೌಕರಿಯನ್ನು ಮುಂದುವರಿಸಲಿಲ್ಲ. ಆದರೆ ಅದೇ ವರ್ಷದ ನವೆಂಬರಿನಲ್ಲಿ, ಗೋಮಿಲಿಯನ್ನರ ಹೆಸರಿನ ಮೊಕದ್ದಮೆಯಲ್ಲಿ, ಆ 28 ಭುಜಗಳ ಕಾಯಿದೆಯು ಸಂವಿಧಾನಕ್ಕೆ ಸಲ್ಲದೆಂಬ ವಾದಕ್ಕೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರೆಲ್ಲರೂ ಒಮ್ಮತದಿಂದ ಮನ್ನಣೆಯಿತ್ತರು. ವಾದಿಗಳ ಬಲವೆಲ್ಲ ಒಂದು ನಕ್ಷೆಯಲ್ಲಿತ್ತು. ಹಳೆಯ ಚೌಕದೊಳಗೆ ಹೊಸ ಆಕೃತಿಯನ್ನು ಬರೆದು ತೋರಿಸಿದ ಆ ಹಾಳೆಯನ್ನು ತೀರ್ಪಿಗೇ ಅನುಬಂಧವಾಗಿ ಲಗತ್ತಿಸಲಾಗಿದೆ. ಗ್ರಂಥಾಲಯದಲ್ಲಿ ದೊರೆತರೆ ಅದನ್ನು ಅವಶ್ಯವಾಗಿ ನೋಡು.

ಕಪ್ಪು ಜನರ ಹೋರಾಟದ ಮುಂದಾಳು ಸ್ಟೋಕ್ಲಿ ಕಾರ್ಮೈಕೇಲರೊಡಗೂಡಿ 1967ರಲ್ಲಿ ಅವರು ಬರೆದ ‘ಬ್ಲ್ಯಾಕ್ ಪವರ್’ ಗ್ರಂಥವು ಪ್ರಖ್ಯಾತವಾದುದು ಆ ಹೆಸರಿನ ಘೋಷಣೆಯ ಕಾವಿನಿಂದ. ನನ್ನ ಮಟ್ಟಿಗೆ ಅದರ ಹಿರಿಮೆ ಬೇರೊಂದೆಡೆಯಲ್ಲಿದೆ. ಪ್ರಾರ್ಥನಾಮಂದಿರಕ್ಕೆ ಬಾಂಬಿಟ್ಟು ಮಕ್ಕಳನ್ನು ಕೊಲ್ಲುವವನ ದ್ವೇಷ ಒಂದು. ಸರಿಯಾದ ಆಹಾರ, ವಸತಿ, ಔಷಧೋಪಚಾರಗಳಿಲ್ಲದೆ ಅದೇ ಊರಿನಲ್ಲಿ ಪ್ರತಿವರ್ಷವೂ ನೂರಾರು ಶಿಶುಗಳು ಸಾಯುವಂತೆ ಏರ್ಪಟ್ಟಿರುವ ವ್ಯವಸ್ಥೆ ಇನ್ನೊಂದು. ಮೊದಲನೆಯದನ್ನು ಎಲ್ಲರೂ ಖಂಡಿಸುವರು, ಎರಡನೆಯದರಲ್ಲಿ ಅಪರಾಧಿಯೇ ಕಾಣಿಸನು ಎಂಬ ವಿವೇಚನೆಗೆ, ಅಂದರೆ ಸಾಂಸ್ಥಿಕ ವರ್ಣಭೇದವೆಂಬ ಪರಿಕಲ್ಪನೆಗೆ, ಸ್ಪಷ್ಟ ರೂಪ ಕೊಟ್ಟ ಪುಸ್ತಕವದು. ಜಾತಿಯ ನಾಡಿನಲ್ಲಿ ಹುಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟಸ್ಕೀಗೀಯ ಆ ಕಚೇರಿಯನ್ನು ಹತ್ತಿರದಿಂದ ಕಾಣದವರಿಗೆ ಇಂಥ ವಿವೇಚನೆ ಹೊಳೆಯುತ್ತಿತ್ತೆಂದು ನಾನು ನಂಬಲಾರೆ. ಶಾಸ್ತ್ರದ ಶಿಸ್ತಿಲ್ಲದವರು ಕಂಡಿದ್ದರೂ ಅದಕ್ಕೊಂದು ರೂಪ ಕೊಡುತ್ತಿರಲಿಲ್ಲ.

ಕಾರ್ಮೈಕೇಲರಿಗೆ ಸಭೆಗಳು ದೊರೆತವು, ಕೀರ್ತಿಯೂ ದೊರೆಯಿತು. ಹ್ಯಾಮಿಲ್ಟನ್ನರು ಪಾಠವನ್ನೇ ಮುಂದುವರಿಸಿ, 1969ರಿಂದ 1998ರಲ್ಲಿ ನಿವೃತ್ತರಾಗುವವರೆಗೂ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದರು. ಅಂಬೇಡ್ಕರರು 1913ರಿಂದ ಮೂರು ವರ್ಷ ಓದಿದ ವಿಶ್ವವಿದ್ಯಾನಿಲಯವೇ ಅದು. ದಕ್ಷಿಣದ ನ್ಯಾಯಾಧೀಶರು ಕಪ್ಪು ಮತದಾರರ ವ್ಯಾಜ್ಯಗಳನ್ನು ಹೇಗೆ ನಡೆಸಿದರೆಂಬುದನ್ನು ಪರಿಶೀಲಿಸಿ 1973ರಲ್ಲಿ ಅವರು ಪ್ರಕಟಿಸಿದ ಗ್ರಂಥಕ್ಕೆ ‘ಬ್ಲ್ಯಾಕ್ ಪವರ್’ನ ಹೆಸರು ಬರಲಿಲ್ಲ. ನನಗಾದರೋ ಅದರ ಮೇಲೇ ಹೆಚ್ಚು ಆದರ. 2023ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಆ ವಾರ್ತೆ ಪತ್ರಿಕೆಗಳನ್ನು ಮುಟ್ಟಲು ತಿಂಗಳುಗಳೇ ಹಿಡಿದವು.

ಹೋರಾಟಕ್ಕೆ ಹೋಗಬೇಡವೆಂದು ನಾನು ಹೇಳಲಾರೆ. ಹಾಗೆ ಹೇಳುವುದು ಇವರ ಬಾಳಿಗೆ ಮಾಡುವ ಅಪಚಾರವಾದೀತು. ಪರೀಕ್ಷೆ ಮುಗಿಯುವವರೆಗೆ ತಾಳು ಎಂದಷ್ಟೇ ನನ್ನ ಕೋರಿಕೆ. ಅಷ್ಟರೊಳಗೆ, ನೀನು ಸದಾ ಹೇಳುವ ಆ ಕೇರಿಯ ಮತದಾರರ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಮನೆಮನೆಗೂ ಹೋಗಿ, ಯಾರ ಹೆಸರಿದೆ, ಯಾರದು ಬಿಟ್ಟುಹೋಗಿದೆ, ಬಿಟ್ಟುಹೋದವರು ಎಷ್ಟು ಸಲ ಯಾವ ಕಚೇರಿಗೆ ಅಲೆದರು, ಅಲ್ಲಿ ಅವರಿಗೆ ಯಾವ ಕಾರಣ ಹೇಳಿದರು ಎಂಬುದನ್ನು ದಿನಾಂಕ ಸಹಿತವಾಗಿ ಒಂದು ಪುಸ್ತಕದಲ್ಲಿ ಬರೆದಿಡು. ಹಬ್ಬಕ್ಕೆ ಊರಿಗೆ ಬರುವಾಗ ಆ ಪುಸ್ತಕವನ್ನು ತೆಗೆದುಕೊಂಡು ಬಾ. ಇಬ್ಬರೂ ಕುಳಿತು ನೋಡೋಣ.

ಇತಿ,
ನಿನ್ನ ಹಿತೈಷಿ