ಟ್ರೇ ಚೌಕಟ್ಟಿಗೆ ರೀಪು ಕೊಯ್ಯುವ ಬಗೆ

ಕಾಫಿ ಒಣಗಿಸುವ ಟ್ರೇಗಳು ಎರಡನೆಯ ಕೊಯ್ಲಿಗೇ ಸೊಟ್ಟಗಾಗಿ, ಬಲೆ ಕಿತ್ತು ಬಂದು, ಪಾರ್ಚ್‌ಮೆಂಟ್ ಮಣ್ಣುಪಾಲಾಗುವುದುಂಟು. ಮರವನ್ನು ಬೈದು ಫಲವಿಲ್ಲ; ಹೆಚ್ಚಾಗಿ ದೋಷ ಅಳತೆಯದು. ಕೊಯ್ದ ರೀಪನ್ನಿಟ್ಟು ಮುಂದಿನದನ್ನು, ಅದನ್ನಿಟ್ಟು ಮತ್ತೊಂದನ್ನು ಗುರುತಿಸುತ್ತಾ ಹೋದರೆ ಪೆನ್ಸಿಲ್ ಗೆರೆಯ ದಪ್ಪವೇ ಕೂಡುತ್ತಾ ಹೋಗುತ್ತದೆ.

ಸೊಂಟದೆತ್ತರದ, ಅಲುಗಾಡದ ಮೇಜಿನ ಮೇಲೆ ರೀಪು ಕೂರುವಷ್ಟು ಎಡೆ ಬಿಟ್ಟು, ರೀಪಿಗಿಂತ ಎತ್ತರದ ಎರಡು ಪಟ್ಟಿಗಳನ್ನು ಹೊಡೆಯಿರಿ. ಮೂಲೆಮಟ್ಟವಿಟ್ಟು ಎರಡಕ್ಕೂ ಅಡ್ಡಲಾಗಿ ಗರಗಸ ಹಾಯುವ ಸೀಳು ಮಾಡಿರಿ. ಸೀಳಿನಿಂದ 3 ಅಡಿಗೆ ಒಂದು ತಡೆತುಂಡನ್ನು ಬಿಗಿಯಿರಿ. ರೀಪಿನ ತುದಿಯನ್ನು ಅದಕ್ಕೆ ತಾಗಿಸಿ ಕೊಯ್ದರೆ ನೂರು ರೀಪಾದರೂ ಅಳತೆ ಒಂದೇ. ತಡೆತುಂಡಿನ ಕೆಳ ಅಂಚನ್ನು ತುಸು ಕೆತ್ತಿರಬೇಕು. ಇಲ್ಲವಾದರೆ ಅಲ್ಲಿ ಮರದ ಹುಡಿ ನಿಂತು, ಅಷ್ಟರಮಟ್ಟಿಗೆ ರೀಪು ಗಿಡ್ಡವಾಗುತ್ತದೆ. ಆಚಾರಿಗಳಲ್ಲೂ ಹಲವರು ಇದನ್ನು ಗಮನಿಸುವುದಿಲ್ಲ. ಉದ್ದದ ರೀಪುಗಳಿಗೆ ತಡೆಯನ್ನು 4 ಅಡಿಗೆ ಸರಿಸಿದರಾಯಿತು.

ಮೂಲೆಗಳಲ್ಲಿ ಎರಡೂ ರೀಪುಗಳನ್ನು ಅರ್ಧರ್ಧ ದಪ್ಪ ಕೆತ್ತಿ ಒಂದರ ಮೇಲೊಂದು ಕೂರಿಸಿ. ಮೊಳೆ ಪೂರ್ತಿ ಇಳಿಸುವ ಮೊದಲು ಮೂಲೆಯಿಂದ ಮೂಲೆಗೆ ಹೊರ ಅಳತೆ ನೋಡಿ: ಎರಡೂ ಕಡೆ ಸರಿಯಾಗಿ 5 ಅಡಿ ಬರಬೇಕು.

ತೋಟದಲ್ಲಿ ಆಗತಾನೆ ಕಡಿದ ಸಿಲ್ವರ್ ಓಕ್ ಬೇಡ. ಹಸಿ ಮರ ಒಣಗುವಾಗ ಅಗಲದಲ್ಲಿ ಕುಗ್ಗಿ, ಬಿಗಿಯಾಗಿ ಕೂರಿಸಿದ ಮೂಲೆಯೂ ಸಡಿಲಾಗುತ್ತದೆ.